ಏಣಿಯ ಕೆಂಪು ಚಿಂದಿ

ಏಣಿ ಎಂಬುದು ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಬೇರೆ ಇದೆ; ಅದು ಬ್ಯಾಂಕಿನವರಿಗೂ ಅವನ ಮಾವನಿಗೂ ಮಾತ್ರ ನೆನಪಿದೆ. ಹೈಸ್ಕೂಲಿನ ಒಂದು ರಜೆಯಲ್ಲಿ ಹುಡುಗ ಯಾರಿಗೂ ಹೇಳದೆ ಕೇಳದೆ ಉದ್ದವಾಗಿಬಿಟ್ಟ. ಶಾಲೆ ಮತ್ತೆ ತೆರೆದಾಗ ಗೆಳೆಯರು ತಲೆಯೆತ್ತಿ ನೋಡಿ ಇಟ್ಟ ಹೆಸರು ಏಣಿ. ಮುಂದೆ ಅವನು ಲಿಫ್ಟ್ ರಿಪೇರಿಯ ಕಸುಬು ಹಿಡಿದ. ಜಗತ್ತಿನ ಏಣಿಗಳ ಹೊಟ್ಟೆಯ ಮೇಲೆ ಹೊಡೆದ ಲಿಫ್ಟು ಈ ಒಂದು ಏಣಿಗೆ ಮಾತ್ರ ಅನ್ನ ಹಾಕಿತು.

ಅವನಿಗೆ ಕೆಲಸ ಕಲಿಸಿದವರು ದೊಡ್ಡ ಮೇಸ್ತ್ರಿ. ಲಿಫ್ಟು ಪುಕ್ಕಲು ಪ್ರಾಣಿ ಎಂಬುದು ಅವರ ಮೊದಲ ಪಾಠ. ಯಾವ ಮಹಡಿಯಲ್ಲಿ ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಸರಿ, ಅದು ನಿಂತಲ್ಲೇ ನಿಲ್ಲುತ್ತದೆ, ಗದರಿಸಿದರೂ ಅಲ್ಲಾಡುವುದಿಲ್ಲ. ಆದರೆ ರಿಪೇರಿ ಮಾಡುವವನಿಗೆ ಕೆಲವೊಮ್ಮೆ ಬಾಗಿಲು ತೆರೆದಿಟ್ಟುಕೊಂಡೇ ಲಿಫ್ಟನ್ನು ಓಡಿಸಿ ನೋಡಬೇಕಾಗುತ್ತದೆ. ಆಗ ಅವನು ಛಾವಣಿಯ ಮೇಲಿನ ಮಷೀನ್ ರೂಮಿಗೆ ಹೋಗಿ, ಅಲ್ಲಿರುವ ಪ್ಯಾನೆಲ್ ತೆರೆದು, ಎರಡು ಬಿಂದುಗಳ ನಡುವೆ ಒಂದು ತುಂಡು ತಂತಿ ಸಿಕ್ಕಿಸುತ್ತಾನೆ. ಎಲ್ಲ ಬಾಗಿಲೂ ಮುಚ್ಚಿದೆ ಎಂದು ಲಿಫ್ಟು ನಂಬುತ್ತದೆ. ಈ ತಂತಿಗೆ ಜಂಪರ್ ಎನ್ನುತ್ತಾರೆ. ಏಣಿಯ ಹೆಂಡತಿ ಮನೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಹಳೆಯ ಕಾಲದ ಅಜ್ಜಿಯರು ಇಂದಿಗೂ ರವಿಕೆಗೆ ಜಂಪರ್ ಎಂದೇ ಹೇಳಿ ಅವಳ ಬಳಿ ಹೊಲಿಸುತ್ತಾರೆ. ಒಂದೇ ಮನೆಯಲ್ಲಿ ಒಬ್ಬರ ಜಂಪರು ಮೈ ಮುಚ್ಚುವುದು, ಇನ್ನೊಬ್ಬರದು ನಿಜ ಮುಚ್ಚುವುದು.

"ಇದು ಲಿಫ್ಟಿಗೆ ಹೇಳೋ ಸುಳ್ಳು ಕಣೋ," ಎಂದಿದ್ದರು ಮೇಸ್ತ್ರಿ. "ಸುಳ್ಳು ಹೇಳು, ಕೆಲಸ ಮುಗಿಸು, ಹೇಳಿದ ಸುಳ್ಳನ್ನ ವಾಪಸ್ ಜೇಬಿಗೆ ಹಾಕ್ಕೊಂಡು ಬಾ. ಬಿಟ್ಟು ಬಂದ್ಯೋ, ಬಾಗಿಲು ತೆಗೆದವನು ಒಳಗೆ ಹೋಗಲ್ಲ, ಕೆಳಗೆ ಹೋಗ್ತಾನೆ."

ಹೀಗೆ ಬಿಟ್ಟುಬರಬಾರದೆಂದೇ ಅವರು ತಂತಿಗೆ ಒಂದು ಕೆಂಪು ಚಿಂದಿ ಕಟ್ಟುತ್ತಿದ್ದರು. ಸಂಜೆ ಕೊನೆಯ ಕಟ್ಟಡದ ಮೆಟ್ಟಿಲ ಮೇಲೆ ಟವೆಲ್ ಹಾಸಿ, ಚೀಲದಲ್ಲಿದ್ದುದನ್ನೆಲ್ಲ ಹರವಿಕೊಂಡು, ಕೂತು ಯೋಚಿಸುತ್ತಿದ್ದರು: ಇವತ್ತು ಎಲ್ಲೆಲ್ಲಿ ಕೈ ಹಾಕಿದೆ? ಏನು ಬಿಚ್ಚಿದೆ? ಬಿಚ್ಚಿದ್ದನ್ನೆಲ್ಲ ಕಟ್ಟಿದೆನಾ? ಕೆಂಪು ಚಿಂದಿ ಟವೆಲ್ ಮೇಲೆ ಕಂಡರೆ ಮಾತ್ರ ಮನೆಗೆ. ಏಣಿಯೂ ಅದನ್ನೇ ಕಲಿತ. ಅವನ ತಂತಿಗೆ ಹೆಂಡತಿಯ ಹೊಲಿಗೆ ಯಂತ್ರದ ಕೆಳಗಿಂದಲೇ ಚಿಂದಿ ಬರುತ್ತಿತ್ತು.

ಇದು ಅವನು ಕೂಲಿಗೆ ದುಡಿಯುತ್ತಿದ್ದಾಗಿನ ಮಾತು. ಆಮೇಲೆ ಏಣಿ ಸ್ವಂತ ಕಂಪನಿ ತೆರೆದ. ಮೊದಲ ವರ್ಷ ಅವನೇ ಮಾಲೀಕ, ಅವನೇ ಮೆಕ್ಯಾನಿಕ್, ಅವನೇ ಜವಾನ. ಎರಡನೇ ವರ್ಷ ಇಬ್ಬರು ಮೆಕ್ಯಾನಿಕ್‌ಗಳು ಬಂದರು, ಎರಡು ಫೋನ್ ಬಂದವು, ಟವೆಲ್ ಹೋಯಿತು. ಯಾವುದೋ ಹೋಟೆಲಿನ ಹಾಲಿನಲ್ಲಿ ಉದ್ಯಮಿಗಳಿಗೆಂದು ನಡೆದ ಒಂದು ದಿನದ ತರಬೇತಿಗೆ ಅವನು ಹೋಗಿದ್ದೇ ಇದಕ್ಕೆ ಕಾರಣ ಎಂದು ಅವನ ಹೆಂಡತಿಯ ವಾದ. ಅಲ್ಲಿ ಕೋಟು ಹಾಕಿದ ಒಬ್ಬರು ವೇದಿಕೆಯ ಮೇಲೆ ಆ ಕಡೆ ಈ ಕಡೆ ಓಡಾಡುತ್ತ, ಗೆಲ್ಲಬೇಕಾದರೆ ಹಿಂದಿರುಗಿ ನೋಡಲೇಬೇಡಿ ಎಂದು ಮೂರು ಸಲ ಕೂಗಿದ್ದರಂತೆ. ಏಣಿ ಬಂದವನೇ ಆಫೀಸಿನ ಗೋಡೆಗೆ 'ಮುಂದೆ, ಇನ್ನೂ ಮುಂದೆ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ. ಮೇಲೆ ಕೆಳಗೆ ಬಿಟ್ಟರೆ ಬೇರೆ ದಿಕ್ಕೇ ಗೊತ್ತಿಲ್ಲದ ವ್ಯಾಪಾರಕ್ಕೆ ಎಂಥ ಘೋಷಣೆ! ಅದೇ ಮಾತು, ಕಂಪನಿಯ ಫೋನ್ ನಂಬರ್ ಸಮೇತ, ಸ್ಟಿಕ್ಕರ್ ಆಗಿ ಊರಿನ ಲಿಫ್ಟು ಬಾಗಿಲುಗಳ ಮೇಲೆ ಅಂಟಿಕೊಂಡಿತು. ನಮ್ಮ ಕಟ್ಟಡದ ಲಿಫ್ಟೂ ಅವನ ಉಸ್ತುವಾರಿಯದೇ. ನಮ್ಮ ಬಾಗಿಲಿಗೂ ಅಂಟಿತು.

ಆ ದಿನ ಅವನ ಮೆಕ್ಯಾನಿಕ್ ಒಬ್ಬ ಜ್ವರವೆಂದು ಮಲಗಿದ್ದ, ಇನ್ನೊಬ್ಬ ಬೇರೆ ಊರಿಗೆ ಹೋಗಿದ್ದ. ಬೆಳಿಗ್ಗೆ ಮೂರು ಕಟ್ಟಡಗಳಿಂದ ದೂರು ಬಂತು. ಮೂರೂ ಬಾಗಿಲಿನವೇ. ಹಲ್ಲಿನ ಡಾಕ್ಟರ ಕಟ್ಟಡ, ಮಕ್ಕಳ ಟ್ಯೂಷನ್ ಕಟ್ಟಡ, ಮತ್ತೆ ಮೇಷ್ಟ್ರೊಬ್ಬರು ಇರುವ ಹಳೆಯ ವಸತಿ ಕಟ್ಟಡ. ಏಣಿ ತಾನೇ ಚೀಲ ಹೊತ್ತು ಹೊರಟ. ಆದರೆ ಕಿವಿ ಮಾತ್ರ ಫೋನಿನಲ್ಲಿತ್ತು. ಊರಿನ ಅತಿ ದೊಡ್ಡ ಹೊಸ ಕಟ್ಟಡದ ಲಿಫ್ಟುಗಳ ಉಸ್ತುವಾರಿ ಅವನಿಗೆ ಸಿಗುವ ಸೂಚನೆಯಿತ್ತು. ಇವತ್ತು ಫೋನ್ ಮಾಡುತ್ತೇವೆ ಎಂದಿದ್ದರು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಭವಿಷ್ಯ ಹಿಡಿದು ಅವನು ಮೂರು ಕಟ್ಟಡ ಮುಗಿಸಿದ.

ಮಧ್ಯಾಹ್ನ ಹೊಸ ಕಟ್ಟಡದ ಮ್ಯಾನೇಜರ್ ಅವನನ್ನು ಕೂರಿಸಿ, ಕಾಫಿ ತರಿಸಿ, ನೇರವಾಗಿ ಕೇಳಿದರು. ಕನ್ನಡಕದ ಮೇಲಿಂದ ನೋಡುವ, ಮಾತು ಖರ್ಚು ಮಾಡದ ಹೆಂಗಸು.

"ಎಲ್ಲ ಕಂಪನಿಯವರೂ ಸುರಕ್ಷತೆ ಸುರಕ್ಷತೆ ಅಂತಾರೆ. ನಿಮ್ಮ ಹತ್ರ ಅಂಥದ್ದೇನಿದೆ?"

ಏಣಿ ಈ ಪ್ರಶ್ನೆಗೇ ಕಾದಿದ್ದ. "ಮೇಡಂ, ನಮ್ಮ ಕಂಪನಿ ನಿಂತಿರೋದೇ ಒಂದು ಚಿಂದಿ ಮೇಲೆ," ಎಂದು ನಗುತ್ತ ತಂತಿಯ ಕತೆ ಹೇಳಿದ. ಲಿಫ್ಟಿಗೆ ಹೇಳುವ ಸುಳ್ಳಿನ ಬಗ್ಗೆ ದೊಡ್ಡ ಮೇಸ್ತ್ರಿ ಆಡಿದ ಮಾತನ್ನೂ ಹೇಳಿದ. ಆಕೆ ಮೊದಲ ಬಾರಿ ಮುಂದಕ್ಕೆ ಬಾಗಿದರು. "ಎಲ್ಲಿ, ತೋರಿಸಿ."

ಏಣಿ ಚೀಲಕ್ಕೆ ಕೈ ಹಾಕಿದ. ಇಕ್ಕಳ ಸಿಕ್ಕಿತು. ಟೆಸ್ಟರ್ ಸಿಕ್ಕಿತು. ಅರ್ಧ ತಿಂದ ಬಿಸ್ಕತ್ ಪೊಟ್ಟಣ ಸಿಕ್ಕಿತು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇಣುಕಿದ. ಜೇಬು ಮುಟ್ಟಿ ನೋಡಿದ. ಮತ್ತೆ ಚೀಲ.

ಕೆಂಪು ಎಲ್ಲೂ ಇರಲಿಲ್ಲ.

"ಏನಾಯ್ತು?"

"ಆಫೀಸಲ್ಲಿ ಬಿಟ್ಟಿದೀನಿ ಅನ್ಸುತ್ತೆ ಮೇಡಂ. ಒಂದ್ನಿಮಿಷ, ಬಾತ್‌ರೂಮ್..."

ಬಾತ್‌ರೂಮಿನ ಕನ್ನಡಿಯಲ್ಲಿ ಅವನ ಮುಖ ಸುಣ್ಣ ಬಳಿದಂತಿತ್ತು. ಮೂರು ಕಟ್ಟಡಗಳಲ್ಲಿ ಒಂದರಲ್ಲಿ, ಈ ಕ್ಷಣ, ಒಂದು ಲಿಫ್ಟು ಸುಳ್ಳು ನಂಬಿಕೊಂಡು ಓಡಾಡುತ್ತಿದೆ. ಯಾವುದು? ಬಾಗಿಲಿನ ಎಲ್ಲ ರಿಪೇರಿಗೂ ತಂತಿ ಬೇಕಾಗುವುದಿಲ್ಲ. ಅವನು ಕಣ್ಣು ಮುಚ್ಚಿ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಲು ನೋಡಿದ. ಫೋನಿನಲ್ಲಿ ಯಾರು ಏನು ಹೇಳಿದರು ಎಂಬುದು ಅಕ್ಷರ ಅಕ್ಷರ ನೆನಪಿತ್ತು. ತನ್ನ ಕೈ ಏನು ಮಾಡಿತು ಎಂಬುದು ಒಂದು ಚೂರೂ ನೆನಪಿರಲಿಲ್ಲ. ಆ ಮೂರು ಮಷೀನ್ ರೂಮುಗಳಿಗೆ ಬೇರೆ ಯಾರೋ ಹೋಗಿ ಬಂದಂತಿತ್ತು.

ಹೆಂಡತಿಗೆ ಫೋನ್ ಮಾಡಿದ. "ನೋಡೇ, ನನ್ನ ಜಂಪರ್ ಮನೇಲಿದ್ಯಾ?"

"ಯಾವ ಅಜ್ಜಿದು?"

"ಅಯ್ಯೋ, ನನ್ನ ತಂತಿ ಕಣೇ! ಕೆಂಪು ಚಿಂದಿದು!"

ಅವನ ದನಿ ಕೇಳಿಯೇ ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. ಹುಡುಕಿದಳು. ಗೂಟ, ಕಪಾಟು, ನಿನ್ನೆಯ ಪ್ಯಾಂಟಿನ ಜೇಬು. "ಇಲ್ಲ ರೀ. ಎಲ್ಲಿ ಬಿಟ್ರಿ?"

"ಗೊತ್ತಿಲ್ಲ. ಮೂರರಲ್ಲಿ ಒಂದು ಕಡೆ."

"ಹಾಗಾದ್ರೆ ಮೂರೂ ಕಡೆ ಫೋನ್ ಮಾಡಿ ಲಿಫ್ಟ್ ನಿಲ್ಲಿಸಿ."

"ಏನಂತ ಹೇಳ್ಲಿ? ತಂತಿ ಬಿಟ್ಟು ಬಂದಿದೀನಿ ಅಂತ್ಲಾ? ಊರೆಲ್ಲ ಸುದ್ದಿಯಾಗುತ್ತೆ. ಇಲ್ಲಿ ಪಕ್ಕದ ರೂಮಲ್ಲೇ ಮೇಡಂ ಕೂತಿದಾರೆ. ನಾನೇ ಸ್ಕೂಟರಲ್ಲಿ ಒಂದು ಸುತ್ತು ಹೋಗಿ, ಸುಮ್ನೆ ಎತ್ಕೊಂಡು..."

"ರೀ." ಅವಳು ದನಿ ಏರಿಸಲಿಲ್ಲ, ಅದಕ್ಕೇ ಅವನು ಹೆದರಿದ. "ನಾನು ಹೊಲಿದ ಪ್ರತಿ ಬಟ್ಟೆ ಕೊಡೋ ಮುಂಚೆ ಒಳಮೈ ಹೊರಗೆ ಮಾಡಿ ಅಂಗೈ ಆಡಿಸ್ತೀನಿ. ಯಾಕೆ ಹೇಳಿ? ಒಂದು ಗುಂಡುಸೂಜಿಗೋಸ್ಕರ. ನಿಮ್ಮದು ಗುಂಡುಸೂಜಿಯಲ್ಲ. ನಿಮ್ಮ ಮಾನ ಬೇಕಾದ್ರೆ ಮೆಟ್ಟಿಲು ಹತ್ಕೊಂಡು ನಿಧಾನಕ್ಕೆ ಬರ್ಲಿ. ಮೊದ್ಲು ಲಿಫ್ಟ್ ನಿಲ್ಸಿ."

ಅವನು ಒಂದೊಂದಾಗಿ ಫೋನ್ ಮಾಡಿದ. ಹಲ್ಲಿನ ಡಾಕ್ಟರ ಕಾಂಪೌಂಡರ್ ಒಡನೆ ಸ್ವಿಚ್ ಆರಿಸಿದ. ಟ್ಯೂಷನ್ ಕಟ್ಟಡದ ರಿಸೆಪ್ಷನ್ ಹುಡುಗಿ, "ಇನ್ನೇನು ಮಕ್ಕಳು ಬರೋ ಹೊತ್ತು, ಈಗಲೇ ಬೇಕಾ ನಿಮ್ಗೆ?" ಎಂದು ಗೊಣಗಿ, ಆದರೂ ಆರಿಸಿದಳು. ಮಕ್ಕಳು ಎಂಬ ಮಾತು ಕೇಳಿ ಏಣಿ, ನಿಜಕ್ಕೂ ಆರಿಸಿದೆಯಾ ಎಂದು ಇನ್ನೊಮ್ಮೆ ಕೇಳಿದ. ಮೂರನೆಯ ಕಟ್ಟಡದಲ್ಲಿ ವಾಚ್‌ಮನ್ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

ಆ ಕಟ್ಟಡದಲ್ಲಿ ಅವನ ಬಳಿ ಇದ್ದ ಇನ್ನೊಂದೇ ನಂಬರು ಮೇಷ್ಟ್ರದು. ನಿವೃತ್ತ ಗಣಿತದ ಮೇಷ್ಟ್ರು, ಕೊನೆಯ ಮಹಡಿ, ಹಳೆಯ ಕಾಲದ ಗೋಡೆ ಫೋನು. ಕಣ್ಣು ಮಂದ. ಮಾತು ಚುರುಕು. ಎದುರುಮನೆಯಾಕೆಯ ಜತೆ ಮಾತಾಡುತ್ತ ಮಾತಾಡುತ್ತ, ಮುಖ ಹಿಂದಕ್ಕೆ ತಿರುಗಿಸಿಕೊಂಡೇ ಲಿಫ್ಟಿನ ಬಾಗಿಲೆಳೆದು ಒಳಗೆ ಹೋಗುವುದು ಅವರ ಪದ್ಧತಿ ಎಂದು ಇಡೀ ಕಟ್ಟಡಕ್ಕೆ ಗೊತ್ತು.

"ಮೇಷ್ಟ್ರೇ, ನಾನು ಏಣಿ."

"ಲಿಫ್ಟಿನವನಾ? ಬೆಳಿಗ್ಗೆ ತಾನೇ ಸರಿ ಮಾಡಿಹೋದ್ಯಲ್ಲಯ್ಯಾ, ಚೆನ್ನಾಗೋಡ್ತಿದೆ. ಮುಂಚೆ ಬಾಗಿಲು ಸರಿಯಾಗಿ ಹಾಕದಿದ್ರೆ ಮುಷ್ಕರ ಹೂಡ್ತಿತ್ತು. ಈಗ ಬಾಗಿಲು ಹಾಕಿದ್ರೂ ಹೋಗುತ್ತೆ, ಹಾಕದಿದ್ರೂ ಹೋಗುತ್ತೆ!"

ಯಾವ ಕಟ್ಟಡ ಎಂಬ ಪ್ರಶ್ನೆ ಮುಗಿದಿತ್ತು.

"ಮೇಷ್ಟ್ರೇ, ವಾಚ್‌ಮನ್ ಫೋನ್ ಎತ್ತಾ ಇಲ್ಲ, ಲಿಫ್ಟು..."

"ಅವನೆಲ್ಲಿ ಎತ್ತಾನೆ, ಊಟ ಮಾಡಿ ಮಲಗಿರ್ತಾನೆ. ನಾನು ಹೇಗೂ ವಾಕಿಂಗ್ ಹೊರಟಿದೀನಿ. ಲಿಫ್ಟಲ್ಲಿ ಕೆಳಗೆ ಹೋಗಿ ಎಬ್ಬಿಸ್ತೀನಿ ಇರು."

"ಬೇಡ! ಮೇಷ್ಟ್ರೇ, ಬೇಡ..."

ತಮ್ಮ ಮಾತು ಮುಗಿದ ಕೂಡಲೇ ಫೋನ್ ಇಡುವುದು ಮೇಷ್ಟ್ರ ಇನ್ನೊಂದು ಪದ್ಧತಿ. ಮತ್ತೆ ಮಾಡಿದ. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು.

ಅವನು ಓಡಿದ. ಮ್ಯಾನೇಜರ್ ರೂಮಿನ ಮುಂದೆಯೇ ಓಡಿದ. ಆಕೆ ಎದ್ದು ನಿಂತದ್ದು ಕಂಡಿತು, ಏನೋ ಕೇಳಿದ್ದು ಕೇಳಿಸಿತು. ಸ್ಕೂಟರ್ ಹತ್ತಿದ. ಸಿಗ್ನಲ್ಲಿನ ಕೆಂಪು ದೀಪ ಕಂಡಾಗಲೆಲ್ಲ ಚಿಂದಿಯೇ ಕಂಡಂತಾಗುತ್ತಿತ್ತು. ಬೆಳಿಗ್ಗೆಯಿಡೀ ಕಾಣದಿದ್ದ ತನ್ನ ಕೈಗಳು ಆಗ, ಬೇಡವೆಂದರೂ, ಒಂದೊಂದಾಗಿ ಕಾಣತೊಡಗಿದವು. ಮೇಷ್ಟ್ರ ಮಹಡಿಯ ಬಾಗಿಲಿನ ಚಿಲಕ ಸವೆದಿತ್ತು. ಅದಕ್ಕೇ ಲಿಫ್ಟು ನಿಂತಿತ್ತು. ಅವನು ಮೇಲೆ ಹೋಗಿ ತಂತಿ ಸಿಕ್ಕಿಸಿದ. ಇಳಿದು ಬಂದು ಚಿಲಕಕ್ಕೆ ಅರ ಉಜ್ಜತೊಡಗಿದ. ಎರಡು ಸಲ ಉಜ್ಜಿದ್ದಾನೆ, ಫೋನ್ ಬಂದಿದೆ. "ಕೊನೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಮಧ್ಯಾಹ್ನ ಬಂದು ಮಾತಾಡಿ." ಆ ಖುಷಿಯಲ್ಲಿ ಮತ್ತೆ ಮಷೀನ್ ರೂಮಿಗೆ ಹತ್ತಿದ್ದಾನೆ. ಬಲಗೈಯಲ್ಲಿ ಫೋನು. ಎಡಗೈಯಲ್ಲಿ ಪ್ಯಾನೆಲ್ ಮುಚ್ಚಿದ್ದಾನೆ. ತಂತಿ ಬಿಚ್ಚಲು ಎರಡು ಕೈ ಬೇಕು. ಎರಡನೆಯ ಕೈ ಇರಲೇ ಇಲ್ಲ.

ಅಂದರೆ ಚಿಲಕವೂ ಸರಿಯಾಗಿಲ್ಲ, ತಂತಿಯೂ ಅಲ್ಲೇ ಇದೆ. ಲಿಫ್ಟು ಎಲ್ಲೇ ಇರಲಿ, ಆ ಬಾಗಿಲು ಎಳೆದರೆ ತೆರೆಯುತ್ತದೆ. ಬಾಗಿಲಿನಲ್ಲಿ ಒಂದು ಸಣ್ಣ ಗಾಜಿದೆ. ಒಳಗೆ ಲಿಫ್ಟಿನ ಬೆಳಕು ಇದೆಯೋ ಇಲ್ಲವೋ ಅದರಲ್ಲಿ ಕಾಣಬೇಕು. ಆದರೆ ಆ ಗಾಜಿನ ಮೇಲೆ ಅವನೇ ನಿಂತು, ಗುಳ್ಳೆ ಏಳದಂತೆ ಅಂಗೈಯಲ್ಲಿ ತೀಡಿ, ಸ್ಟಿಕ್ಕರ್ ಅಂಟಿಸಿದ್ದ. ಮುಂದೆ, ಇನ್ನೂ ಮುಂದೆ.

ಕಟ್ಟಡ ತಲುಪಿದಾಗ ವಾಚ್‌ಮನ್ ಕುರ್ಚಿ ಖಾಲಿ. ಲಿಫ್ಟಿನ ಬಾವಿಯೊಳಗಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಯಾರೋ ಹತ್ತಿದ್ದರು ಅಥವಾ ಯಾರೋ ಕರೆದಿದ್ದರು. ಸ್ವಿಚ್ ಇರುವುದು ಬೀಗ ಹಾಕಿದ ವಾಚ್‌ಮನ್ ಕೋಣೆಯಲ್ಲಿ. ಏಣಿ ಮೆಟ್ಟಿಲು ಹತ್ತಿದ. ಅವನ ಉದ್ದ ಕಾಲು ಅಂದು ಮೊದಲ ಬಾರಿ ಅವನಿಗೆ ಪ್ರಯೋಜನಕ್ಕೆ ಬಂತು. ಪ್ರತಿ ಮಹಡಿಯಲ್ಲೂ ಅವನು ಕಿವಿಗೊಟ್ಟ. ಒಂದು ಕೂಗು, ಒಂದು ಸದ್ದು. ಏನೂ ಇಲ್ಲದ್ದು ಇನ್ನೂ ಭಯಂಕರವಾಗಿತ್ತು. 'ಮೇಷ್ಟ್ರೇ' ಎಂದು ಕೂಗಲು ಬಾಯಿ ತೆರೆದ; ಉಸಿರಿಗೇ ಜಾಗವಿರಲಿಲ್ಲ, ದನಿಗೆ ಎಲ್ಲಿಂದ ಬರಬೇಕು?

ಕೊನೆಯ ಮಹಡಿಯ ತಿರುವಿನಲ್ಲಿ ಮೇಷ್ಟ್ರ ಬೆನ್ನು ಕಂಡಿತು. ಎಡಗೈ ಲಿಫ್ಟಿನ ಬಾಗಿಲ ಹಿಡಿಯ ಮೇಲೆ. ಮುಖ ಎದುರುಮನೆಯಾಕೆಯ ಕಡೆಗೆ. ಬಲಗೈ ಅಂಗಿಯ ಜೇಬನ್ನು ತಟ್ಟುತ್ತಿತ್ತು.

"ಕನ್ನಡಕ ಆಯ್ತು. ಬೀಗದ ಕೈ ಆಯ್ತು. ಕರ್ಚೀಫು... ಕರ್ಚೀಫು ಎಲ್ಲಮ್ಮಾ?"

"ದಿನಾ ಇದೇ ಆಯ್ತು ನಿಮ್ದು. ನಮ್ಮನೇಲಿ ಹರಟೆ ಮುಗಿಯೋಕೇ ಅರ್ಧ ಗಂಟೆ," ಎದುರುಮನೆಯಾಕೆ ನಗುತ್ತಿದ್ದರು. "ಮೈ ತಡವ್ಕೊಳ್ಳೋದ್ರಲ್ಲೇ ಕತ್ತಲಾಗುತ್ತೆ. ಹೊರಡಿ, ಕರ್ಚೀಫಿಲ್ಲದೆ ವಾಕಿಂಗ್ ಆಗಲ್ವಾ?"

"ಆಗುತ್ತೆ. ಸೀನು ಬಂದ್ರೆ ಆಗಲ್ಲ."

ಏಣಿ ಕೊನೆಯ ಮೆಟ್ಟಿಲುಗಳನ್ನು ಕೈ ಕಾಲು ನಾಲ್ಕರಲ್ಲೂ ಹತ್ತಿ ಮೇಷ್ಟ್ರ ತೋಳು ಹಿಡಿದು ಹಿಂದಕ್ಕೆ ಎಳೆದ. ಮೇಷ್ಟ್ರು ಅವನ ಮೇಲೆಯೇ ಕುಸಿದರು. ಅವರ ಎಡಗೈ ಹಿಡಿಯನ್ನು ಬಿಟ್ಟಿರಲಿಲ್ಲ. ಬಾಗಿಲು ಅವರ ಜತೆಗೇ ಬಂದು ತೆರೆದುಕೊಂಡಿತು.

ಒಳಗೆ ಲಿಫ್ಟಿರಲಿಲ್ಲ. ಕಪ್ಪು ಹಗ್ಗಗಳು ನಿಧಾನವಾಗಿ ಚಲಿಸುತ್ತಿದ್ದವು. ಗ್ರೀಸಿನ ವಾಸನೆಯ ಬೆಚ್ಚನೆ ಗಾಳಿ ಮೇಲಕ್ಕೆ ಬಂತು. ಎಲ್ಲೋ ಆಳದಲ್ಲಿ ಲಿಫ್ಟಿನ ತಲೆ, ಅದರ ಮೇಲಿನ ಧೂಳು ಸಹಿತ, ಕೆಳಕ್ಕೆ ಹೋಗುತ್ತಿತ್ತು. ಬಾಗಿಲು ತೆರೆದಿದ್ದರೂ ಹೋಗುತ್ತಿತ್ತು.

ಎದುರುಮನೆಯಾಕೆ ಬಾಯಿಗೆ ಕೈ ಒತ್ತಿಕೊಂಡು ಗೋಡೆಗೆ ಅಂಟಿದರು. ಮೇಷ್ಟ್ರು ಕೂತಲ್ಲಿಂದಲೇ ಕನ್ನಡಕ ಸರಿಮಾಡಿಕೊಂಡು ಇಣುಕಿದರು. ಬಹಳ ಹೊತ್ತು ಇಣುಕಿದರು.

"ಏಣಿ," ಎಂದರು, ದನಿಯೇ ಬೇರೆಯಾಗಿತ್ತು. "ನೆಲ ಇಲ್ವಲ್ಲಯ್ಯಾ."

ಏಣಿ ಬಾಗಿಲಿಗೆ ಬೆನ್ನು ಕೊಟ್ಟು ಮುಚ್ಚಿ, ಅಲ್ಲೇ ಕೂತ. ಎದುರುಮನೆಯಾಕೆಗೆ ಯಾರನ್ನೂ ಹತ್ತಿರ ಬಿಡಬೇಡಿ ಎಂದು ಹೇಳಿ, ತನ್ನ ಬದಲಿಗೆ ಬಾಗಿಲಿಗೆ ಒಂದು ಕುರ್ಚಿಯನ್ನೂ ಅದರ ಮೇಲೆ ಮೇಷ್ಟ್ರನ್ನೂ ಒರಗಿಸಿ, ಮಷೀನ್ ರೂಮಿಗೆ ಹೋಗಿ ಎಲ್ಲ ಆರಿಸಿದ. ಪ್ಯಾನೆಲ್ ತೆರೆದ. ಕೆಂಪು ಚಿಂದಿ ಅಲ್ಲಿ ಬೆಳಿಗ್ಗೆಯಿಂದ ತೂಗುತ್ತ ಅವನಿಗೆ ಕಾದಿತ್ತು.

ಅವನು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದಿರುವಾಗಲೇ ಮ್ಯಾನೇಜರ್ ಫೋನ್ ಬಂತು. ಆಫೀಸಿನ ತುರ್ತು ಕೆಲಸ, ಹೊಟ್ಟೆನೋವು, ಸಂಬಂಧಿಕರ ಅಪಘಾತ, ಯಾವುದನ್ನಾದರೂ ಹೇಳಬಹುದಿತ್ತು. ಏಣಿ ಇದ್ದದ್ದನ್ನು ಇದ್ದಂತೆ ಹೇಳಿದ.

"ನನ್ನ ಕಟ್ಟಡದಲ್ಲಿ ದಿನಾ ಎಷ್ಟು ಜನ ಓಡಾಡ್ತಾರೆ ಗೊತ್ತಲ್ಲ. ನಿಮಗೆ ಕೊಡೋಕಾಗಲ್ಲ."

"ಗೊತ್ತು ಮೇಡಂ. ನಿಮ್ಮ ಜಾಗದಲ್ಲಿ ನಾನಿದ್ರೂ ಕೊಡ್ತಿರ್ಲಿಲ್ಲ."

ಇಲ್ಲಿಗೆ ಭಯ ಮುಗಿಯಿತು ಎಂದು ಅವನೂ ಎಣಿಸಿದ್ದ. ಚಿಲಕ ಬದಲಿಸಿ, ಬಾಗಿಲನ್ನು ಹತ್ತಾರು ಸಲ ಎಳೆದು ನೋಡಿ, ಸಂಜೆ ಆ ಕಟ್ಟಡದ ಮೆಟ್ಟಿಲ ಮೇಲೆ ಕೂತ. ಟವೆಲ್ ಇರಲಿಲ್ಲ, ಮೇಷ್ಟ್ರ ಕರ್ಚೀಫು ಕಡೆಗೂ ಸಿಕ್ಕಿತ್ತು, ಅದನ್ನೇ ಕೇಳಿ ಹಾಸಿದ. ಇಕ್ಕಳ, ಟೆಸ್ಟರ್, ಅರ, ಕೆಂಪು ಚಿಂದಿ. ಇವತ್ತಿನದೆಲ್ಲ ಸರಿಯಾಗಿತ್ತು. ಆಗ ಅವನಿಗೆ ನಿನ್ನೆ ನೆನಪಾಯಿತು. ಮೊನ್ನೆ. ಟವೆಲ್ ಹಾಸದೆ ಮನೆಗೆ ಹೋದ ಅಷ್ಟೂ ಸಂಜೆಗಳು. ತನ್ನ ಇಬ್ಬರು ಮೆಕ್ಯಾನಿಕ್‌ಗಳಿಗೆ ಸ್ಟಿಕ್ಕರ್ ಅಂಟಿಸುವುದನ್ನು ಕಲಿಸಿದ್ದ, ಬಿಲ್ಲು ಬರೆಯುವುದನ್ನು ಕಲಿಸಿದ್ದ. ಚಿಂದಿಯ ಮಾತು ಅವರಿಗೆ ಎಂದಾದರೂ ಹೇಳಿದ್ದನಾ?

ಮರುದಿನ ಬೆಳಿಗ್ಗೆ ಊರಿನಲ್ಲಿ ಅವನ ಉಸ್ತುವಾರಿಯ ಲಿಫ್ಟುಗಳೆಲ್ಲ ನಿಂತವು. ಬಾಗಿಲುಗಳ ಮೇಲೆ, ಸ್ಟಿಕ್ಕರ್ ಕಿತ್ತ ಜಾಗದಲ್ಲಿ, ಅವನ ಕೈಬರಹದ ಚೀಟಿ: ನೋಡಿ ಮುಗಿಸುವವರೆಗೆ ದಯವಿಟ್ಟು ಮೆಟ್ಟಿಲು ಬಳಸಿ. ಜನ ಏದುಸಿರು ಬಿಡುತ್ತ ಅವನನ್ನು ಬೈದ ಬೈಗುಳವೆಲ್ಲ ಮೇಲಕ್ಕೇ ಹೋಯಿತು. ತರಕಾರಿ ಚೀಲ ಹಿಡಿದು ನಮ್ಮ ಮಹಡಿ ಹತ್ತುವಾಗ ನನ್ನ ಕೊಡುಗೆಯೂ ಸ್ವಲ್ಪ ಇತ್ತು. ಇಬ್ಬರು ಗಿರಾಕಿಗಳು ಅವನನ್ನು ಬಿಟ್ಟೂಬಿಟ್ಟರು.

ಮೂರನೆಯ ದಿನ ಅವನು ನಮ್ಮ ಕಟ್ಟಡಕ್ಕೆ ಬಂದ. ಮಷೀನ್ ರೂಮಿನಿಂದ ಇಳಿದವನು ಮೆಟ್ಟಿಲ ಮೇಲೆ ನನ್ನನ್ನು ಕಂಡು ನಿಂತ. ಕೈಯಲ್ಲೊಂದು ತಂತಿಯ ತುಂಡು. ಚಿಂದಿ ಇರಲಿಲ್ಲ. ಅದರ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು ಕೂತಿತ್ತು.

"ಇದು ಯಾವಾಗಿಂದು?" ಎಂದೆ.

"ಹುಡುಗ್ರನ್ನ ಕೇಳ್ದೆ. ಅವ್ರಿಗೂ ನೆನಪಿಲ್ಲ," ಎಂದ. "ನಿಮ್ಮ ಬಾಗಿಲ ಚಿಲಕಗಳು ಗಟ್ಟಿ ಇದ್ವು. ಅಷ್ಟೇ."

ಆ ಲಿಫ್ಟಿನಲ್ಲಿ ನಾನು ದಿನವೂ ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತಿದ್ದೆ. ಕೆಳಮನೆಯ ಮಗು ಬಾಗಿಲ ಹಿಡಿಗೆ ಜೋತುಬಿದ್ದು ಆಡುತ್ತಿತ್ತು.

ಅಂದು ಮನೆಗೆ ಹೋದವನು ಆ ತಂತಿಯನ್ನು ಹೆಂಡತಿಯ ಹೊಲಿಗೆ ಯಂತ್ರದ ಮೇಲಿಟ್ಟನಂತೆ. ಅವಳು ಒಂದು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಅಂಗೈ ಆಡಿಸುತ್ತಿದ್ದಳು. ತಂತಿ ನೋಡಿದಳು, ಧೂಳು ನೋಡಿದಳು, ಅವನ ಮುಖ ನೋಡಿದಳು. ಕತ್ತರಿ ತೆಗೆದುಕೊಂಡು ಕೆಂಪು ಬಟ್ಟೆಯ ಗಂಟು ಬಿಚ್ಚಿದಳು.

"ಎಷ್ಟು ಬೇಕು?"

"ಎಲ್ಲರಿಗೂ," ಎಂದ ಏಣಿ.

"ಇನ್ನೆಷ್ಟು ಕಟ್ಟಡ ನೋಡೋದಿದೆ?"

"ಅರ್ಧ ಊರು."

ಅವಳು ಕತ್ತರಿಸುತ್ತ ಹೋದಳು. ಅವನು ಚೀಲವನ್ನು ನೆಲದ ಮೇಲೆ ಸುರಿದುಕೊಂಡು ಕೂತ. ಪಕ್ಕದಲ್ಲಿಟ್ಟಿದ್ದ ಫೋನು ಒಮ್ಮೆ ಗುಂಯ್ ಎಂದಿತು, ಲಿಫ್ಟಿನ ಹಾಗೆಯೇ. ಅವನು ಬೆಚ್ಚಿಬಿದ್ದು, ಅದನ್ನು ಮಗುಚಿಟ್ಟು, ಇಕ್ಕಳದಿಂದ ಎಣಿಸತೊಡಗಿದ.